ಬನಿಯನ್ನಿನ ಒಳಗಿನ ಅಂಟು

ಮನೆಯಿಂದ
ಭಾನುವಾರ, ಹನ್ನೆರಡನೇ ತಾರೀಕು

ನಮ್ಮ ಮನೆಯವರಿಗೆ ನಮಸ್ಕಾರ, ಜೊತೆಗೆ ಒಂದಿಷ್ಟು ಕೋಪ.

ಹೇಗಿದ್ದೀರಿ? ಊಟ ಸೇರುತ್ತಿದೆಯೇ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಇಲ್ಲಿ ನಾವಿಬ್ಬರೂ ಆರಾಮ. ಮಗಳಿಗೆ ನೆಗಡಿ ಬಿಟ್ಟಿದೆ, ತಂಟೆ ಬಿಟ್ಟಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ನಾನು ಬಟ್ಟೆಯ ಮಾತೆತ್ತಿದ ಕೂಡಲೇ ನಿಮ್ಮದು ಶುರು: "ಏನೂ ಕೇಳಿಸ್ತಿಲ್ಲ ಕಣೇ, ಆಮೇಲೆ ಮಾಡ್ತೀನಿ." ಬಂದರಿನ ಕ್ರೇನಿನ ತುದಿಯಲ್ಲಿ ಕೂತು ಕೆಲಸ ಮಾಡುವವರಿಗೆ ಸಿಗ್ನಲ್ ಸಿಗುವುದಿಲ್ಲವೆಂದರೆ ಯಾರು ನಂಬುತ್ತಾರೆ? ಅದಕ್ಕೇ ಈ ಕಾಗದ.

ಮದುವೆಯಾದಾಗಿನಿಂದ ನಿಮ್ಮ ಬಟ್ಟೆ ನಾನೇ ಒಗೆಯಬೇಕು. ಅಷ್ಟು ದೂರದಲ್ಲಿದ್ದರೂ ಗಂಟು ಕಟ್ಟಿ ಲಾರಿಯಣ್ಣನ ಕೈಯಲ್ಲಿ ಕಳಿಸುತ್ತೀರಿ. ನಿಮ್ಮ ಜನ್ಮದಲ್ಲಿ ಒಂದು ಕರ್ಚೀಫನ್ನು ನೀರಿಗೆ ಅದ್ದಿದವರಲ್ಲ. ಇರಲಿ ಬಿಡಿ, ಗ್ರೀಸು, ತುಕ್ಕು, ಬೆವರು ಎಲ್ಲ ನನಗೆ ಹಳೆಯ ಪರಿಚಯ. ಆದರೆ ಇದೇನು ಹೊಸದು? ಬನಿಯನ್ನುಗಳ ಒಳಮೈಗೆ, ಎದೆಯ ಹತ್ತಿರ, ನಾಣ್ಯದಷ್ಟು ಅಗಲದ ದುಂಡು ದುಂಡು ಅಂಟು. ಮುಟ್ಟಿದರೆ ಬೆರಳನ್ನೇ ಹಿಡಿದುಕೊಳ್ಳುತ್ತದೆ. ಹೊರಗಡೆ ಒಂದು ಚುಕ್ಕೆ ಇಲ್ಲ! ತಿನ್ನುವಾಗ ಚೆಲ್ಲಿಕೊಂಡಿದ್ದರೆ ಮೊದಲು ಅಂಗಿಗೆ ಹತ್ತಬೇಕಲ್ಲ? ಅಂಗಿ ಚೊಕ್ಕಟವಾಗಿದೆ. ನನಗಂತೂ ತಲೆಬುಡ ಅರ್ಥವಾಗುತ್ತಿಲ್ಲ.

ಬಿಸಿನೀರಿಗೆ ಹಾಕಿದೆ, ಇನ್ನಷ್ಟು ಹರಡಿಕೊಂಡಿತು. ಮಂಜುಗಡ್ಡೆ ಉಜ್ಜಿ ಗಟ್ಟಿ ಮಾಡಿ ಚಮಚದಿಂದ ಕೆರೆದರೆ ಅರ್ಧ ಬಂತು, ಇನ್ನರ್ಧ ನೂಲಿನೊಳಗೆ ಕೂತುಬಿಟ್ಟಿತು. ಮೇಲೆ ಪೇಪರ್ ಇಟ್ಟು ಇಸ್ತ್ರಿ ಒತ್ತಿದರೆ ಅಂಟು ಪೇಪರಿಗೆ ಬರುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಒತ್ತಿದೆ. ಅಂಟು ಅಲ್ಲೇ ಉಳಿಯಿತು, ಪೇಪರಿನ ಸುದ್ದಿಯೆಲ್ಲ ಬನಿಯನ್ನಿಗೆ ಇಳಿಯಿತು. ನಿಮ್ಮ ಮಗಳು ಅದನ್ನು ಕನ್ನಡಿಯ ಮುಂದೆ ಹಿಡಿದು ಓದುತ್ತಾ ಬಿದ್ದು ಬಿದ್ದು ನಕ್ಕಳು. ಕೊನೆಗೆ ಅಡುಗೆ ಎಣ್ಣೆ ಸವರಿ ನೆನೆಯಲು ಬಿಟ್ಟು, ಪಾತ್ರೆ ತೊಳೆಯುವ ಸೋಪಿನಲ್ಲಿ ತಿಕ್ಕಿದ ಮೇಲೆ ಜಾರತೊಡಗಿದೆ. ಆದರೂ ಒಂದು ಬನಿಯನ್ನಿನದು ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಅದು ಏನೆಂದು ಗೊತ್ತಾದರಲ್ಲವೇ ಹೇಗೆ ತೆಗೆಯಬೇಕೆಂದು ಗೊತ್ತಾಗುವುದು?

ಕೆಳಗಿನ ಟೈಲರಕ್ಕನಿಗೆ ತೋರಿಸಿದೆ. ಕನ್ನಡಕ ಏರಿಸಿ, ಮೂಸಿ ನೋಡಿ, "ಯಾರೋ ನಿನ್ನ ಗಂಡನ ಎದೆಗೆ ಚೆನ್ನಾಗಿ ಅಂಟ್ಕೊಂಡಿದಾರೆ ಕಣೇ" ಎಂದಳು. ಅವಳ ಬಾಯಿ ಗೊತ್ತಲ್ಲ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಒಂದೊಂದೇ ಬನಿಯನ್ನು ತಿರುವಿ ನೋಡಿದೆ, ಎರಡೂ ಗಂಟಿನದರಲ್ಲಿ ಅದೇ ಅಂಟು. ಎರಡು ಸಲ ಗಂಟು ಬಂತು, ನೀವು ಬರಲಿಲ್ಲ. ಕೇಳಿದರೆ ಓವರ್‌ಟೈಮ್ ಅಂದಿರಿ. ಲಾರಿಯಣ್ಣನನ್ನು ವಿಚಾರಿಸಿದರೆ, "ನಂಗೇನ್ ಗೊತ್ತು ಅತ್ತಿಗೆ" ಎನ್ನುತ್ತಾ ಟೈರಿನ ಗಾಳಿ ನೋಡಲು ಬಗ್ಗಿದ. ಟೈರು ಚೆನ್ನಾಗಿಯೇ ಇತ್ತು. ನಿಮ್ಮ ಮೇಲೆ ಅನುಮಾನ ಪಡಲು ಮನಸ್ಸು ಒಪ್ಪುವುದಿಲ್ಲ, ಸುಮ್ಮನಿರಲೂ ಬಿಡುವುದಿಲ್ಲ. ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ, ಅದಂತೂ ಖಂಡಿತ. ನನಗೆ ಭಯವಾಗಿದೆ ರೀ. ಕೆಟ್ಟದ್ದಾದರೂ ಸರಿ, ಹೇಳಿಬಿಡಿ.

ಮಗಳು ಅಪ್ಪನಿಗೆ ಒಂದು ಮುತ್ತು ಕೊಟ್ಟಿದ್ದಾಳೆ, ಉಳಿದದ್ದು ಬಂದ ಮೇಲಂತೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ, ತಲೆಕೆಟ್ಟು ಕೂತಿರುವ
ನಿಮ್ಮವಳು

ತಾ.ಕ.: ಕಾಗದ ಮಡಚುತ್ತಿದ್ದಾಗ ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ನರ್ಸಮ್ಮ ಬೆಂಕಿಪೊಟ್ಟಣ ಕೇಳಲು ಬಂದಳು. ಹಗ್ಗದ ಮೇಲೆ ಒಳಮೈ ಹೊರಗೆ ಮಾಡಿ ಹರವಿದ್ದ ಬನಿಯನ್ನು ನೋಡಿದವಳೇ, "ಅಣ್ಣಂಗೆ ಹಾರ್ಟ್ ಟೆಸ್ಟ್ ಮಾಡಿಸಿದ್ರಾ ಅಕ್ಕಾ?" ಎಂದಳು. ಬಡಿತ ನೋಡಲು ಎದೆಗೆ ಬಿಲ್ಲೆ ಅಂಟಿಸಿ, ದಿನವಿಡೀ ಹಾಗೇ ಓಡಾಡಿ ಎಂದು ಕಳಿಸುತ್ತಾರಂತೆ. ಅದರ ಗೋಂದಂತೆ ಇದು. ಎರಡೂ ಗಂಟಿನಲ್ಲಿತ್ತಲ್ಲ, ಎರಡು ಸಲ ನೋಡಿದರೇ? ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದಿರಾ? ಕ್ರೇನಿನಿಂದ ಇಳಿಸಿಬಿಡುತ್ತಾರೆ ಎಂದು ಹೇಳಲಿಲ್ಲವೋ, ನಾನು ಹೆದರುತ್ತೇನೆ ಎಂದೋ? ಎಲ್ಲ ಬಚ್ಚಿಟ್ಟು ಬನಿಯನ್ನು ಮಾತ್ರ ಒಗೆಯಲು ಕಳಿಸಿದಿರಲ್ಲ, ಪುಣ್ಯಾತ್ಮರೇ! ಇದೊಂದನ್ನು ನೀವೇ ಒಗೆದುಕೊಂಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ನಾಳೆ ಮೊದಲ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೊರಡುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಅಳು ಬರುತ್ತದೆ, ಒಂದು ಮಾತೂ ಹೊರಡುವುದಿಲ್ಲ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ, ನಿಮ್ಮ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ತೂರಿಸುತ್ತೇನೆ. ನಿಧಾನವಾಗಿ ಓದಿ, ಗಾಬರಿಯಿಂದ ಏಳಬೇಡಿ. ಓದಿ ಮುಗಿದ ಮೇಲೆ ಬಾಗಿಲು ತೆಗೆಯಿರಿ. ನಾವು ಹೊರಗೇ ನಿಂತಿದ್ದೇವೆ.