ನೀನು ಹೊಟ್ಟೆಗೆ ಕಟ್ಟಿಕೊಂಡ ಅಯಸ್ಕಾಂತ

ನಮ್ಮಾಕಿ ಶಾಂತಾಗೆ,

...ನಿನ್ನೆಯ ಕಾಗದದಲ್ಲಿ ಅರ್ಧಕ್ಕೆ ಬಿಟ್ಟೆನಲ್ಲ, ಆ ಕಾಲೇಜಿನ ಭಾಷಣದ ಮಾತು, ಅದನ್ನು ಮುಗಿಸುತ್ತೇನೆ. ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಸೀಸೆಯಲ್ಲಿ ಕರಿ ನೀರು ತೋರಿಸಿದಳು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಂತೆ, ನ್ಯಾನೋ ಅನ್ನುತ್ತಾರೆ. ಅಯಸ್ಕಾಂತ ಹತ್ತಿರ ತಂದಳು ನೋಡು, ನೀರು ಮುಳ್ಳುಮುಳ್ಳಾಗಿ ಎದ್ದು ನಿಂತಿತು! ಈ ಕಣಗಳನ್ನು ರಕ್ತಕ್ಕೆ ಬಿಟ್ಟರೆ ಸ್ಕ್ಯಾನಿನಲ್ಲಿ ಯಕೃತ್ತಿನ ಗಡ್ಡೆ ಚೆನ್ನಾಗಿ ಕಾಣುತ್ತದಂತೆ. ಮುಂದೆ ಇವುಗಳ ಮೇಲೆ ಔಷಧ ಹೊರಿಸಿ, ಹೊರಗಿನಿಂದ ಅಯಸ್ಕಾಂತ ಹಿಡಿದು ಗಡ್ಡೆಯ ಕಡೆಗೇ ಎಳೆಯಬಹುದಂತೆ. ಹೊರಗಿನಿಂದ, ಶಾಂತಾ!

ನೆನಪಿದೆಯೇ, ನಾನು ಕೆಲಸ ಮಾಡುತ್ತಿದ್ದ ಹಡಪಸರದ ಕಾರ್ಖಾನೆಯಿಂದ ತಂದಿದ್ದ ಆ ಹಳೆಯ ಅಯಸ್ಕಾಂತ? ಲೇತ್ ಯಂತ್ರದ ಕೆಳಗಿನ ಕಬ್ಬಿಣದ ಪುಡಿ ಎತ್ತಲು ಅದಕ್ಕೆ ಬಟ್ಟೆ ಸುತ್ತುತ್ತಿದ್ದೆವು. ಬಟ್ಟೆ ಬಿಚ್ಚಿದರೆ ಪುಡಿಯೆಲ್ಲ ಉದುರುತ್ತಿತ್ತು. ನಿನಗೆ ಹೆಮ್ಮೆಯಿಂದ ತೋರಿಸಿದವನು ನಾನೇ. ಡಾಕ್ಟರು ಯಕೃತ್ತಿನಲ್ಲಿ ಗಡ್ಡೆ ಅಂದ ಮೇಲೆ ಒಂದು ಮಧ್ಯಾಹ್ನ ನಿನ್ನ ಸೆರಗು ಸರಿಸಿದರೆ, ನೀನು ಆ ಅಯಸ್ಕಾಂತವನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಹಾಕಿ ಹೊಟ್ಟೆಗೆ ಕಟ್ಟಿಕೊಂಡಿದ್ದೆ.

“ಏನಿದು?”

“ಸುಮ್ನಿರ್ರಿ. ಪುಡಿ ಎಳೀತದಂದ್ರ ಗಡ್ಡಿನೂ ಎಳೀತದ. ಆಮ್ಯಾಲ ಬಟ್ಟಿ ಬಿಚ್ಚಿ ಝಾಡಿಸಿದ್ರಾತು.”

“ಹುಚ್ಚಿ! ಟೋಟಲಿ ಅನ್‌ಸೈಂಟಿಫಿಕ್! ಡಾಕ್ಟರ್ ನಗ್ತಾರ.”

“ನಗಲಿ ಬಿಡ್ರಿ. ನಿಮ್ಮ ಅರ್ಧ ಕಾಲೇಜಿನ ಇಂಗ್ಲಿಷ್ ಕೇಳಿ ನಾ ನಗಂಗಿಲ್ಲೇನು?”

ಬಾರಾಮತಿಯಿಂದ ಬಂದಿದ್ದ ನಿನ್ನ ತಂಗಿಯ ಎದುರಿಗೇ ನಾನು ಅದನ್ನು ಕಿತ್ತುಕೊಂಡೆ. ನಕ್ಕೆ ಕೂಡ. ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ನಾನು ಅದನ್ನು ಗಂಟಿನ ಸಮೇತ ಟ್ರಂಕಿಗೆ ಎಸೆದೆ.

ಭಾಷಣ ಮುಗಿದ ಮೇಲೆ ಕೈ ಎತ್ತಿದೆ. “ಮ್ಯಾಡಮ್, ಮೈ ವೈಫ್... ಟೆನ್ ಇಯರ್ಸ್ ಬಿಫೋರ್...” ಇಂಗ್ಲಿಷ್ ಅಲ್ಲಿಗೇ ನಿಂತಿತು. ಮರಾಠಿಯಲ್ಲಿ ಎಲ್ಲ ಹೇಳಿಬಿಟ್ಟೆ. ಹಿಂದೆ ಯಾರೋ ಕಿಸಕ್ಕೆಂದರು. ಆ ಹುಡುಗಿ ನಗಲಿಲ್ಲ. ಬರೀ ಅಯಸ್ಕಾಂತದಿಂದ ಏನೂ ಆಗುತ್ತಿರಲಿಲ್ಲ ಕಾಕಾ, ಎಳೆಯಲು ಒಳಗೆ ಕಣಗಳೇ ಇರಲಿಲ್ಲ, ಈ ಚಿಕಿತ್ಸೆ ಈಗಲೂ ಹೆಚ್ಚಾಗಿ ಇಲಿಗಳ ಮೇಲೇ ನಡೆದಿದೆ ಅಂದಳು. “ಆದರೆ ಕಾಕೂ ಯೋಚಿಸಿದ್ದು ನಗುವಂಥದ್ದಲ್ಲ” ಎಂದಳು, ನಿನ್ನನ್ನೇ ಕಾಕೂ ಅಂದು.

ನೀನು ಉಳಿಯುತ್ತಿರಲಿಲ್ಲ, ಗೊತ್ತು. ಆದರೆ ಅದು ಇನ್ನೆರಡು ದಿನ ನಿನ್ನ ಹೊಟ್ಟೆಯ ಮೇಲಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಬೆಳಿಗ್ಗೆ ಟ್ರಂಕಿನ ತಳದಲ್ಲಿ ಆ ಅಯಸ್ಕಾಂತ ಸಿಕ್ಕಿತು. ಅರಿಸಿನ ಮಾಸಿದೆ, ನೀನು ಹಾಕಿದ ಗಂಟು ಹಾಗೇ ಇದೆ. ಬಿಚ್ಚಿಲ್ಲ. ನಾಳೆ ಬಾರಾಮತಿಯ ಬಸ್ಸು ಹಿಡಿಯುತ್ತೇನೆ. ಯಾರ ಮುಂದೆ ನಕ್ಕೆನೋ ಅವಳ ಮುಂದೆಯೇ ಇದನ್ನಿಟ್ಟು, ನಿಮ್ಮಕ್ಕ ಹುಚ್ಚಿಯಲ್ಲ ಎಂದು ಹೇಳುತ್ತೇನೆ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಶಾಂತಾ. ಅಕ್ಷರ ಕಾಣುತ್ತಿಲ್ಲ.