ಉತ್ತರಿಸಲೇಬೇಕಾದ ಮಂತ್ರಿ ಇದ್ದ ಕಾಲದವರಿಗೆ

ಹಿರೇತೊರೆ, ಕೃಷ್ಣೆಯ ಉತ್ತರ ದಂಡೆ
ಕ್ರಿ.ಶ. 2231, ಫೆಬ್ರವರಿ 30

ಹಿರೇತೊರೆ ಕ್ಷೇತ್ರದ ಮಾನ್ಯ ಶಾಸಕರಿಗೆ, ಅದೇ ಕ್ಷೇತ್ರದಿಂದ ಇನ್ನೂರು ವರ್ಷಗಳ ಆಚೆ ಆರಿಸಿ ಬಂದಿರುವ ಸಾವಂತ್ರೆವ್ವ ಹುಣಶ್ಯಾಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ಹಳೆಯ ಸದನದ ಕಡತಗಳನ್ನು ಓದಿ ಓದಿ ನಿಮ್ಮ ಕಾಲದ ಬರವಣಿಗೆಯನ್ನು ಕಲಿತಿದ್ದೇನೆ, ಹಾಗಾಗಿ ಬೈಯಬೇಕೆನಿಸಿದಾಗಲೂ ಕೈ ತಾನಾಗಿ ‘ಮಾನ್ಯ’ ಎಂದೇ ಬರೆಯುತ್ತದೆ. ಬೈಯಬೇಕೆನಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಒಳಗಿರುವುದು ಸಿಟ್ಟಿಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ನಿಮ್ಮ ಕಾರು, ನಿಮ್ಮ ತಂಪು ಹವೆ, ಬಟ್ಟಲ ತುಂಬ ನೀವು ತಿಂದ ಮಾವಿನಹಣ್ಣು, ಇದಾವುದರ ಮೇಲೂ ನನಗೆ ಕಣ್ಣಿಲ್ಲ. ನಿಮಗಿದ್ದ ಒಂದು ಹಾಳೆಯ ಮೇಲೆ ಕಣ್ಣು. ಅದನ್ನು ನೀವು ಬಳಸದೆ ಬಿಟ್ಟಿರಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತದೆ.

ವಿಷಯ ಹೇಳುತ್ತೇನೆ. ನನ್ನ ಮಗಳು ಕಸ್ತೂರಿ ತುಂಬಿದ ಬಸುರಿ. ಹಿಂದಿನ ಹೆರಿಗೆಯಲ್ಲಿ ರಕ್ತ ನಿಲ್ಲದೆ ಕೂಸನ್ನು ಕಳೆದುಕೊಂಡು, ತಾನೂ ಸಾವಿನ ಬಾಯಿಗೆ ಹೋಗಿ ಬಂದವಳು. ಈ ಸಲ ಆಸ್ಪತ್ರೆಯಲ್ಲೇ ಆಗಬೇಕೆಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದಾರೆ. ಆಸ್ಪತ್ರೆ ಇರುವುದು ನದಿಯ ಆಚೆ ದಡದಲ್ಲಿ. ನೀವು ಓಡಾಡುತ್ತಿದ್ದ ಸೇತುವೆ ಈಗ ಹಿನ್ನೀರಿನ ತಳದಲ್ಲಿದೆ, ಅದರ ಮೇಲೆ ಮೀನು ಓಡಾಡುತ್ತವೆ. ಬದಲಿಗೆ ನಮಗೆ ತೂಗುಬಂಡಿ ಹಾಕಿಕೊಟ್ಟಿದ್ದರು. ತೂಗುಬಂಡಿ ಎಂದರೆ ದಡದಿಂದ ದಡಕ್ಕೆ ಎಳೆದ ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಸಾಗುವ ಕೋಣೆ. ಎಮ್ಮೆ ಹತ್ತಿಸಿದರೂ ಅಲುಗುವುದಿಲ್ಲ. ಹೋದ ದಸರೆಯಿಂದ ಅದು ನಿಂತಿದೆ. ರಸ್ತೆ ಹಿಡಿದು ಸುತ್ತು ಹೋಗಬೇಕೆಂದರೆ ಇಡೀ ಹಗಲು ಬೇಕು, ಆ ಬಿಸಿಲಿನಲ್ಲಿ ಗಟ್ಟಿಮುಟ್ಟಾದ ಗಂಡಸರೇ ಬವಳಿ ಬಂದು ಬೀಳುತ್ತಾರೆ. ತೂಗುಬಂಡಿಯನ್ನು ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಯಾವಾಗ ಬಿಡುತ್ತಾರೆ? ನಾನು ಈ ಊರಿನ ಶಾಸಕಿ. ನನಗೆ ಇಷ್ಟು ತಿಳಿಯುವ ದಾರಿಯಿಲ್ಲ.

ಮಾಹಿತಿ ಸಿಗುವುದಿಲ್ಲ ಎಂದುಕೊಳ್ಳಬೇಡಿ. ನಾವು ಮಾಹಿತಿಯಲ್ಲಿ ಮುಳುಗಿ ಹೋಗಿದ್ದೇವೆ. ನಮ್ಮಲ್ಲಿ ಸರ್ವೋತ್ತರ ಎಂಬ ಏರ್ಪಾಡಿದೆ. ಜನ ಅದನ್ನು ಬಲ್ಲಪ್ಪ ಎಂದು ಕರೆಯುತ್ತಾರೆ, ಎಲ್ಲ ಬಲ್ಲವನು ಎಂದು. ಪ್ರತಿ ಮನೆಯ ಪಡಸಾಲೆಯಲ್ಲಿ ಅವನ ದನಿ ಬರುವ ಒಂದು ಬಿಲ್ಲೆ ಗೋಡೆಗಿರುತ್ತದೆ. ಬಿಸಿಲೇರಿದ ಮೇಲೆ ಯಾರೂ ಹೊರಗೆ ಕಾಲಿಡಬಾರದೆಂಬ ಕಾನೂನಿದೆ. ಆ ಹೊತ್ತಿಗೆ ನೆರಳುಗಂಟೆ ಎನ್ನುತ್ತೇವೆ. ಸಂತೆ, ಶಾಲೆ, ಹೊಲ ಎಲ್ಲವೂ ಅದಕ್ಕೆ ಮುಂಚೆಯೇ ಮುಗಿಯಬೇಕು. ಆಮೇಲೆ ಒಳಗೆ ಕೂತು ಹೆಂಗಸರು ಶೇಂಗಾ ಸುಲಿಯುತ್ತ, ಗಂಡಸರು ಕವಡೆ ಹಾಕಿ ಚಕ್ಕಾ ಆಡುತ್ತ ಬಲ್ಲಪ್ಪನನ್ನು ಮಾತಿಗೆಳೆಯುತ್ತಾರೆ. ಸರ್ಕಾರ ಎಷ್ಟು ಖರ್ಚು ಮಾಡಿತು, ಯಾವ ಕೆರೆಯಲ್ಲಿ ಎಷ್ಟು ಹೂಳಿದೆ, ಮುಖ್ಯಮಂತ್ರಿ ನಿನ್ನೆ ಯಾವ ಊರಲ್ಲಿ ಉಂಡರು, ಎಲ್ಲವನ್ನೂ ಹೇಳುತ್ತಾನೆ. ಮುಚ್ಚುಮರೆಯಿಲ್ಲ, ಸುಳ್ಳಿಲ್ಲ, ಬೇಸರವಂತೂ ಇಲ್ಲವೇ ಇಲ್ಲ. ತೂಗುಬಂಡಿಯ ಬಗ್ಗೆ ಕೇಳಿದರೆ ಹಗ್ಗದ ದಪ್ಪ, ಗಾಳಿಯ ವೇಗ, ಗಾಲಿಗೆ ಹಾಕಿದ ಎಣ್ಣೆಯ ಹೆಸರು, ತಪಾಸಣೆಯ ವಿವರ ಎಂದು ನೆರಳುಗಂಟೆ ಮುಗಿಯುವವರೆಗೂ ಹೇಳಿದ. ಯಾರು ನಿಲ್ಲಿಸಿದರು ಎಂದರೆ, ಲಭ್ಯ ಮಾಹಿತಿಯನ್ನೆಲ್ಲ ಗಮನಿಸಿ ನಿಲ್ಲಿಸುವ ನಿರ್ಧಾರ ರೂಪುಗೊಂಡಿದೆ ಎಂದ. ಮೋಡ ಕಟ್ಟಿದ ಹಾಗೆ ತಾನಾಗಿ ರೂಪುಗೊಂಡಿತಂತೆ! ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ, “ಯವ್ವಾ, ನೀ ಎಮ್ಮೆಲ್ಲೆ ಆಗಿ ಏನ್ ಮಾಡ್ದಿ? ನನಗ ಗೊತ್ತಿದ್ದಷ್ಟ ನಿನಗೂ ಗೊತ್ತು” ಎಂದಳು. ಮಗಳಾದರೇನು, ಆ ಮಾತು ನೆಟ್ಟಗೆ ಎದೆಗೆ ಬಡಿಯಿತು.

ಸಂಚಾರ ಮಂತ್ರಿ ಈರಣ್ಣ ಮುತ್ತಲಗೇರಿಯವರನ್ನು ಹೋಗಿ ಕಂಡೆ. ಒಳ್ಳೆಯ ಮನುಷ್ಯರೇ. ಕೂಡಿಸಿ ಮಜ್ಜಿಗೆ ಕೊಟ್ಟು, “ಅಕ್ಕಾರ, ಎಲ್ಲಾ ಬಲ್ಲಪ್ಪನ ಕಡೆ ಐತಲ್ರಿ. ನನಗ ಕೇಳಿದ್ರ ನಾನೂ ಅವಂಗ ಕೇಳಾಂವ. ಸುಮ್ನ ನನ್ನ ಯಾಕ ನಡುವ ಎಳೀತೀರಿ?” ಎಂದರು. ನಾನು ಬಿಡಲಿಲ್ಲ. ಸದನದಲ್ಲಿ ಎದ್ದು ನಿಂತು ಅವರತ್ತ ಕೈ ತೋರಿಸಿ, ಹಿರೇತೊರೆಯ ತೂಗುಬಂಡಿ ನಿಲ್ಲಿಸಿದವರು ಯಾರು, ಮಂತ್ರಿಗಳೇ ಹೇಳಲಿ ಎಂದೆ. ಅವರು ಬಾಯಿ ತೆರೆಯುವ ಮುಂಚೆಯೇ ಬಲ್ಲಪ್ಪ ಶುರು ಮಾಡಿದ. ಅದೇ ಹಗ್ಗ, ಅದೇ ಗಾಳಿ, ಅದೇ ಎಣ್ಣೆ. ಸಂಪೂರ್ಣ ಉತ್ತರ ಬಂತೆಂದು ಸದನ ಮೇಜು ಕುಟ್ಟಿತು. ಮುತ್ತಲಗೇರಿಯವರೂ ಕುಟ್ಟಿದರು. ನಾನು ಕೂತೆ, ಇನ್ನೇನು ಮಾಡಲಿ? ಮಂತ್ರಿ ಉತ್ತರ ಕೊಡಬೇಕೆಂಬ ನಿಯಮವೇ ನಮ್ಮ ಪುಸ್ತಕದಲ್ಲಿಲ್ಲ.

ಅಂಥ ನಿಯಮ ಒಂದು ಕಾಲಕ್ಕೆ ಇತ್ತೆಂದು ತಿಳಿದದ್ದು ಆಮೇಲೆ, ಹಳೆಯ ಸದನದ ಪತ್ರಾಗಾರದಲ್ಲಿ. ಅಲ್ಲಿ ನಮ್ಮ ಊರಿನ ಹೆಸರು ಹುಡುಕುತ್ತಿದ್ದಾಗ ನಿಮಗಿಂತ ಹಿಂದೆ ಇದೇ ಕ್ಷೇತ್ರದಲ್ಲಿದ್ದ ದ್ಯಾಮಣ್ಣ ಬೆಳ್ಳಂಕಿ ಎಂಬ ಶಾಸಕರು ಕೇಳಿದ್ದ ಒಂದು ಪ್ರಶ್ನೆ ಸಿಕ್ಕಿತು. ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಮಂತ್ರಿ ಲಿಖಿತವಾಗಿ ಉತ್ತರಿಸಬೇಕಾದದ್ದು. ಇದೇ ನದಿ, ಇದೇ ದಂಡೆ. ಆಗ ದೋಣಿ ಇತ್ತು, ಅದು ನಿಂತಿತ್ತು. ಹಾಳೆಯ ಎಡಗಡೆ ಅವರ ಪ್ರಶ್ನೆ: ‘(ಅ) ಹಿರೇತೊರೆಯಲ್ಲಿ ದೋಣಿ ಸಂಚಾರ ಸ್ಥಗಿತಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸ್ಥಗಿತಗೊಳಿಸಲು ಆದೇಶಿಸಿದವರು ಯಾರು? (ಇ) ಪುನಃ ಯಾವಾಗ ಪ್ರಾರಂಭಿಸಲಾಗುವುದು?’ ಬಲಗಡೆ ಉತ್ತರ: ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ.’ ಮುಂದಿನ ಅಧಿವೇಶನದಲ್ಲಿ ಬೆಳ್ಳಂಕಿಯವರು ಮತ್ತೆ ಅದನ್ನೇ ಕೇಳಿದ್ದಾರೆ, ಮಾಹಿತಿ ಸಂಗ್ರಹವಾಯಿತೇ ಎಂದು ಒಂದು ಸಾಲು ಹೆಚ್ಚಿಗೆ ಸೇರಿಸಿ. ಎಂಥ ಹಟಮಾರಿ ಮನುಷ್ಯ, ನೋಡಿ! ಈ ಸಲ ಬಲಗಡೆ ‘ಬಂದಿದೆ’ ಎಂದಿತ್ತು. ಆದೇಶಿಸಿದ ಅಧಿಕಾರಿಯ ಹುದ್ದೆ ಇತ್ತು. ಮೂರನೆಯದಕ್ಕೆ ‘ಈಗಾಗಲೇ ಪ್ರಾರಂಭಿಸಲಾಗಿದೆ’ ಎಂದಿತ್ತು. ಕೆಳಗೆ ಮಂತ್ರಿಯ ಹೆಸರು, ಸಹಿ.

ಆ ಕಡತದಲ್ಲೇ ಇಲಾಖೆಯವರು ದೋಣಿ ಕಚೇರಿಗೆ ಬರೆದ ಒಂದು ಜ್ಞಾಪನವೂ ಇತ್ತು: ಸದನದಲ್ಲಿ ಉತ್ತರ ನೀಡಬೇಕಾಗಿರುವುದರಿಂದ ದೋಣಿಯನ್ನು ತಕ್ಷಣ ಪ್ರಾರಂಭಿಸಿ ವರದಿ ಸಲ್ಲಿಸತಕ್ಕದ್ದು. ಓದಿ ನನಗೆ ನಗು ಬಂತು, ನಗುತ್ತಿದ್ದ ಹಾಗೇ ಅಳುವೂ ಬಂತು. ಜನರ ಕಷ್ಟ ಕಂಡು ಕರುಳು ಕರಗಿ ಯಾರೂ ದೋಣಿ ಬಿಡಲಿಲ್ಲ. ಸಹಿ ಹಾಕುವ ಮಂತ್ರಿಗೆ ಸದನದೆದುರು ಮುಖ ಉಳಿಯಬೇಕಲ್ಲ, ಅದಕ್ಕೆ ಬಿಟ್ಟರು. ಬಿಡಲಿ ಬಿಡಿ, ಯಾಕೆ ಬಿಟ್ಟರೇನು! ಅಂದು ಆ ದೋಣಿಯಲ್ಲೂ ಬಸುರಿಯರು ಕೂತು ದಾಟಿರಬೇಕು. ನಿಮ್ಮ ಕಾಲದ ಮಂತ್ರಿಗಳು ನುಣುಚಿಕೊಳ್ಳುತ್ತಿದ್ದರು, ತಡ ಮಾಡುತ್ತಿದ್ದರು, ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು, ಅದೆಲ್ಲ ಓದಿದ್ದೇನೆ. ಆ ನುಣುಚಾಟದ ಮೇಲೂ ನನಗೆ ಅಸೂಯೆ. ನುಣುಚಿಕೊಳ್ಳಬೇಕಾದರೂ ಒಬ್ಬ ಮನುಷ್ಯ ತನ್ನ ಹೆಸರು ಹಾಕಿ ನುಣುಚಿಕೊಳ್ಳಬೇಕಿತ್ತು. ಅದು ಸುಳ್ಳೆಂದು ಗೊತ್ತಾದರೆ ಹಕ್ಕುಚ್ಯುತಿ ಎಂದು ಅವನನ್ನು ಅದೇ ಸದನದಲ್ಲಿ ಹಿಡಿದು ನಿಲ್ಲಿಸಬಹುದಿತ್ತು. ಬಲ್ಲಪ್ಪ ಸುಳ್ಳು ಹೇಳುವುದಿಲ್ಲ, ಹಾಗಾಗಿ ನಮ್ಮಲ್ಲಿ ಯಾರನ್ನೂ ಹಿಡಿಯುವ ಹಾಗಿಲ್ಲ.

ಇನ್ನು ನಿಮ್ಮ ವಿಚಾರ. ಬೆಳ್ಳಂಕಿಯವರ ಕುರ್ಚಿಯಲ್ಲಿ ಕೂತವರು ನೀವು, ನಿಮ್ಮ ಪ್ರಶ್ನೆಗಳನ್ನೂ ಆಸೆಯಿಂದ ಹುಡುಕಿದೆ. ಸಿಕ್ಕಿದ್ದು ಒಂದೇ. ಅದೂ ಚುಕ್ಕೆ ಗುರುತಿನದು, ಮಂತ್ರಿಯನ್ನು ಎದುರಿಗೆ ನಿಲ್ಲಿಸಿ ಮೇಲಿಂದ ಮೇಲೆ ಕೇಳಬಹುದಾದದ್ದು. ಸಭಾಧ್ಯಕ್ಷರು ಕೂಗಿದಾಗ ನೀವು ಇರಲಿಲ್ಲ. ‘ಪ್ರಶ್ನೆ ಕೇಳಬೇಕಾದ ಸದಸ್ಯರು ಗೈರುಹಾಜರು’ ಎಂದು ನಡಾವಳಿಯಲ್ಲಿದೆ. ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಿರೋ, ಮೊಗಸಾಲೆಯಲ್ಲಿ ಯಾರದೋ ವರ್ಗಾವಣೆಗೆ ಓಡಾಡುತ್ತಿದ್ದಿರೋ, ನಿಮಗೇ ಗೊತ್ತು. ಅಯ್ಯೋ ನನ್ನಪ್ಪಾ, ಆ ಒಂದು ಸಲ ನನ್ನನ್ನು ನಿಮ್ಮ ಜಾಗದಲ್ಲಿ ನಿಲ್ಲಿಸಿದ್ದರೆ! ಮುತ್ತಲಗೇರಿಯವರಂಥ ಹತ್ತು ಮಂದಿಯ ಬೆವರಿಳಿಸುತ್ತಿದ್ದೆ.

ಗೈರುಹಾಜರಿಗಾಗಿ ನಾನು ಕಾಗದ ಬರೆಯುತ್ತಿರಲಿಲ್ಲ. ನಿಮ್ಮ ಅವಧಿ ಇನ್ನೂ ಮುಗಿದಿಲ್ಲ. ಅದು ಮುಗಿಯುವ ಮುನ್ನ ಸದನದಲ್ಲಿ ಒಂದು ನಿರ್ಣಯ ಬರುತ್ತದೆ. ಮಾಹಿತಿಯೆಲ್ಲ ಈಗ ಜನರ ಅಂಗೈಯಲ್ಲೇ ಇರುವುದರಿಂದ, ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಲು ಅಧಿಕಾರಿಗಳ ಸಮಯ ಹಾಳಾಗುತ್ತಿರುವುದರಿಂದ, ಚುಕ್ಕೆ ಗುರುತಿನ ಮತ್ತು ಗುರುತಿಲ್ಲದ ಪ್ರಶ್ನೆಗಳ ಪದ್ಧತಿಯನ್ನು ಕೈಬಿಡತಕ್ಕದ್ದು ಎಂದು. ಕೇಳಲು ಎಷ್ಟು ಚೆಂದವಿದೆ! ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಹಾಡಿ ಹೊಗಳುತ್ತವೆ. ಪ್ರಶ್ನೆ ಕೇಳುವುದು ಮಾಹಿತಿಗಾಗಿ ಎಂದುಕೊಂಡಿರಿ ನೀವೆಲ್ಲ, ಅಲ್ಲೇ ಎಡವಿದ್ದು. ದೋಣಿ ನಿಂತಿದ್ದು ಬೆಳ್ಳಂಕಿಯವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದನ್ನೇ ಕೇಳಿದರು, ಮಂತ್ರಿಯ ಕೈಯಿಂದ ಬರೆಸಲಿಕ್ಕೆ. ನಿರ್ಣಯವನ್ನು ಮತಕ್ಕೆ ಹಾಕಿದಾಗ ‘ಇಲ್ಲ’ ಎನ್ನುವವರು ಇಲ್ಲ ಎನ್ನಲಿ ಎಂದು ಸಭಾಧ್ಯಕ್ಷರು ಕಾಯುತ್ತಾರೆ. ಸದನ ಸುಮ್ಮನಿತ್ತು ಎಂದು ಬರೆದಿದೆ. ಅಂದು ನೀವು ಹಾಜರಿದ್ದಿರಿ.

ನಾನು ಬೇಡುವುದು ಇಷ್ಟೇ. ಆ ಹೊತ್ತಿಗೆ ನೀವು ಎದ್ದು ನಿಂತು ‘ಇಲ್ಲ’ ಎನ್ನಬೇಕು. ಧ್ವನಿಮತಕ್ಕೆ ಒಪ್ಪದೆ, ಒಬ್ಬೊಬ್ಬರನ್ನೂ ಎಬ್ಬಿಸಿ ಎಣಿಸಿರೆಂದು ಕೇಳಬೇಕು. ತಮ್ಮ ಹೆಸರು ದಾಖಲಾಗುತ್ತದೆಂದರೆ ಹಿಂಜರಿಯುವವರು ಇದ್ದೇ ಇರುತ್ತಾರೆ, ನಾನೂ ರಾಜಕಾರಣಿ, ನನಗೆ ಗೊತ್ತು. ಹಾಗೆ ಎದ್ದರೆ ನಿಮ್ಮ ಪಕ್ಷದವರು ಬೈಯಬಹುದು, ಮುಂದಿನ ಸಲ ಟಿಕೆಟ್ ತಪ್ಪಬಹುದು. ತಪ್ಪಲಿ. ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡುವವಳು ಕೇಳುತ್ತಿದ್ದೇನೆ, ಪಟ್ಟದ್ದಕ್ಕೆ ಏನಾದರೂ ಬೆಲೆ ಬರಲಿ.

ಬೆಳಿಗ್ಗೆ ಹರಗೋಲು ನಡೆಸುವ ಹುಸೇನಸಾಬರು ಬಂದಿದ್ದರು. “ಅವ್ವಾರ, ಮುಂಜಾನೆ ಹೇಳಿದ್ರ ಮಗಳನ್ನ ಹೂವಿನಂಗ ದಾಟಸ್ತೀನ್ರಿ. ಗಾಳಿ ಎದ್ದ ಮ್ಯಾಲ ಮಾತ್ರ ಕರೀಬ್ಯಾಡ್ರಿ, ಹಿನ್ನೀರಾಗ ತೆರಿ ಭಾಳ” ಎಂದು ಹೇಳಿ ಹೋದರು. ಈಗ ನೆರಳುಗಂಟೆ. ಬಾಗಿಲ ಸಂದಿಯಿಂದ ದೂಳು ನುಗ್ಗುತ್ತಿದೆ, ಹೊರಗೆ ಗಾಳಿ ಎದ್ದಿದೆ. ಒಳಕೋಣೆಯಲ್ಲಿ ಕಸ್ತೂರಿಗೆ ನೋವು ಶುರುವಾಗಿದೆ. ಅವಳನ್ನು ಕೇಳದೆಯೇ ಬಲ್ಲಪ್ಪ ಅವಳ ನಾಡಿಬಡಿತ ಹೇಳುತ್ತಿದ್ದಾನೆ. ಅಳಿಯ ಹುಸೇನಸಾಬರ ಮನೆಗೆ ಓಡಿದ್ದಾನೆ. ನಾನೂ ಹೋಗಬೇಕು, ಬರೆಯಲು ಇನ್ನು ಹೊತ್ತಿಲ್ಲ.

ಅಂದು ನೀವು ಎದ್ದಿದ್ದರೆ ನಾನು ಮಂತ್ರಿಯಿಂದ ಉತ್ತರ ಬರೆಸುತ್ತಿದ್ದೆ, ಈ ಕಾಗದ ಬರೆಯುತ್ತಿರಲಿಲ್ಲ. ಇದು ನಿಮ್ಮ ಕೈಯಲ್ಲಿ ಇದೆ ಎಂದರೆ ನೀವು ಇನ್ನೂ ಎದ್ದಿಲ್ಲ.

ಏಳಿ, ಮಾನ್ಯರೇ.

ಸಾವಂತ್ರೆವ್ವ ಹುಣಶ್ಯಾಳ