ಮೀನುಗಳಿಗೆ ತಿಳಿಸಿದ ಸುದ್ದಿ

ಸೇತುವೆಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಬರಹಗಾರರ ಬಳಗದ ದರ್ಜಿ ಅಕ್ಕ ಓದಿದ ಕವಿತೆಯೊಂದು ‘ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವ ಅನಧಿಕೃತ ಸುದ್ದಿ’ ಎಂದು ತಾವು ನೋಟಿಸು ಕಳಿಸಿದ್ದೀರಿ. ಅವರು ಕ್ಷಮೆ ಕೇಳದಿದ್ದರೆ, ನಾವು ಭಾನುವಾರ ಸೇರುವ ತಮ್ಮ ಇಲಾಖೆಯ ಹಳೇ ಗೋದಾಮಿಗೆ ಬೀಗವಂತೆ. ಸಂತೋಷ. ನಮ್ಮ ಕವಿತೆಯನ್ನು ಇಷ್ಟು ಗಂಭೀರವಾಗಿ ಓದಿದವರಲ್ಲಿ ತಾವೇ ಮೊದಲಿಗರು.

ನಮ್ಮಲ್ಲೊಂದು ಪದ್ಧತಿಯಿದೆ. ವಾರದ ಸುದ್ದಿಯ ಮೇಲೆ ಕವಿತೆ ಬರೆದು ತರಬೇಕು. ಓದಿ ಮುಗಿದ ಕೂಡಲೇ ಚಪ್ಪಾಳೆಯಿಲ್ಲ. ಕೇಳಿದವರಲ್ಲಿ ಯಾರಾದರೂ ಅದರಲ್ಲಿನ ಸುದ್ದಿ ಏನೆಂದು ಸರಳವಾಗಿ ಹೇಳಬೇಕು. ಹೇಳಲಾಗದಿದ್ದರೆ ಕವಿತೆ ಮನೆಗೆ ವಾಪಸ್ಸು. ನನ್ನವು ಬಹುತೇಕ ವಾಪಸ್ಸೇ ಬಂದಿವೆ. ದರ್ಜಿ ಅಕ್ಕ ಓದಿದಾಗ ಮಾತ್ರ ನಿವೃತ್ತ ಮೇಷ್ಟ್ರು ಥಟ್ಟನೆ, “ಹಲಗೆ ಸೇತುವೆ ಕೊಳೆತಿದೆ, ಯಾರೂ ದಾಟಬಾರದು ಅಂತ ಅಲ್ವೇನಮ್ಮ? ಪ್ರಾಸ ಏನೂ ಚೆನ್ನಾಗಿಲ್ಲ. ಸುದ್ದಿ ಎಲ್ಲಿ ಸಿಕ್ತು?” ಎಂದರು.

“ಸೇತುವೆ ಕೆಳಗಡೆ ಕಂಬಕ್ಕೆ ನೋಟಿಸ್ ಅಂಟಿಸಿದಾರೆ ಮೇಷ್ಟ್ರೇ. ನಮ್ಮ ಯಜಮಾನ್ರು ದೋಣೀಲಿ ಹೋಗ್ತಾ ಓದ್ಕೊಂಡು ಬಂದ್ರು.”

ಎಚ್ಚರಿಕೆಯನ್ನು ಸೇತುವೆಗೇ ಅಂಟಿಸಬೇಕೆಂಬ ನಿಯಮವಿದ್ದೀತು, ಅಂಟಿಸಿದ್ದೀರಿ. ಆದರೆ ಮೇಲೆ ನಡೆಯುವವರು ಅದನ್ನು ಓದುವುದು ಹೇಗೆ ಸ್ವಾಮಿ? ಕಂಬಿ ಹಿಡಿದು ತಲೆಕೆಳಗಾಗಿ ನೇತಾಡಿಯೇ? ಅಂದಿನಿಂದ ಒಂದು ಮೀನಾದರೂ ಆ ಸೇತುವೆ ಹತ್ತಿಲ್ಲ. ಅಷ್ಟರ ಮಟ್ಟಿಗೆ ತಮ್ಮ ಪ್ರಕಟಣೆ ಯಶಸ್ವಿ. ಉಳಿದಂತೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಇನ್ನು ನನ್ನ ಸ್ವಂತ ಅಕ್ಕನ ಕಥೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳು ದಿನವೂ ದಾಟುತ್ತಿದ್ದುದು ಅದೇ ಸೇತುವೆ. ಆ ಭಾನುವಾರ ಸಂಜೆಯೇ ಎಚ್ಚರಿಸಿದೆ. ಅವಳು ನಕ್ಕಳು.

“ನಿಮ್ಮ ಕವಿಗಳ ಮಾತು ಕಟ್ಕೊಂಡು ಊರೆಲ್ಲ ಸುತ್ತಿ ಹೋಗ್ಲಾ? ಹಾಗೇನಾದ್ರೂ ಇದ್ದಿದ್ರೆ ಆಫೀಸಿನವ್ರು ಹೇಳ್ತಿರ್ಲಿಲ್ವೇನೋ?”

ಮರುದಿನ ಬೆಳಿಗ್ಗೆ ಹಲಗೆ ಮುರಿಯಿತು, ಜೊತೆಗೆ ಅವಳ ಕಾಲೂ. ಗಮನಿಸಿ ಮಾನ್ಯರೇ: ಒಡಹುಟ್ಟಿದ ನನ್ನನ್ನು ಬಿಟ್ಟು ಅವಳು ನಂಬಿದ್ದು ತಮ್ಮ ಕಚೇರಿಯನ್ನು. ನನಗೆ ಸಿಟ್ಟು ಬಂದಿರುವುದು ಇದಕ್ಕೇ. ನಮ್ಮ ಕವಿತೆ ಭೀತಿ ಹುಟ್ಟಿಸಿತು ಎನ್ನುತ್ತೀರಲ್ಲ, ನಿಜಕ್ಕೂ ಹುಟ್ಟಿಸಿದ್ದರೆ ಅವಳ ಕಾಲು ಉಳಿಯುತ್ತಿತ್ತು.

ದರ್ಜಿ ಅಕ್ಕನನ್ನು ಕ್ಷಮೆಯ ಬಗ್ಗೆ ಕೇಳಿದೆವು. “ಪ್ರಾಸಕ್ಕೆ ಬೇಕಾದ್ರೆ ಕೇಳ್ತೀನಿ, ಸುದ್ದಿಗೆ ಕೇಳಲ್ಲ” ಎಂದು ಹೊಲಿಗೆ ಯಂತ್ರ ತುಳಿಯತೊಡಗಿದರು.

ಆದ್ದರಿಂದ ನಮಗೆ ಕಳಿಸಿದ ನೋಟಿಸು ಹಿಂತೆಗೆದುಕೊಳ್ಳಿ. ಬೀಗ ಹಾಕಲೇಬೇಕೆಂದರೆ ಸೇತುವೆಯ ಎರಡೂ ತುದಿಗೆ ಗೇಟು ಇಟ್ಟು ಹಾಕಿ. ಮತ್ತೊಂದು ಮಾತು. ಶಾಲೆಯ ಮಕ್ಕಳು ದಾಟುವ ಸೇತುವೆಯ ಕೆಳಗೂ ಈಗ ಬಿಳಿ ಕಾಗದವೊಂದು ಕಾಣುತ್ತಿದೆ. ದಡದಿಂದ ಓದಲಾಗದು; ಕೆಳಗೆ ಬರೀ ಕೆಸರು, ದೋಣಿ ಹೋಗುವುದಿಲ್ಲ. ಅದರಲ್ಲಿ ಏನು ಬರೆದಿದ್ದೀರಿ? ನಾಳೆ ಶಾಲೆಯ ಗಂಟೆ ಹೊಡೆಯುವ ಮೊದಲು ಹೇಳಿ. ಪ್ರಾಸ ಕೂಡದಿದ್ದರೂ ಚಪ್ಪಾಳೆ ತಟ್ಟುತ್ತೇವೆ.

ಇಂತಿ,
ಸ್ವಂತ ಅಕ್ಕನೂ ನಂಬದ ಒಬ್ಬ ಕವಿ